ಮಳೆ ಪುಸ್ತಕದ ಹಿಂಬದಿಯ ಲೆಕ್ಕ

ನಮ್ಮ ಮನೆಯಲ್ಲಿ ಒಂದು ಮಳೆ ಪುಸ್ತಕ ಇದೆ. ಗಟ್ಟಿ ರಟ್ಟಿನ, ಉದ್ದನೆಯ ಲೆಕ್ಕದ ಪುಸ್ತಕ. ಅಪ್ಪ ದಿನಾ ಬೆಳಿಗ್ಗೆ ಅಂಗಳದಲ್ಲಿರುವ ಮಳೆ ಅಳೆಯುವ ಡಬ್ಬದ ನೀರು ನೋಡಿ ಅದರಲ್ಲಿ ಬರೆಯುತ್ತಾರೆ. ಕೊಡಗಿನ ತೋಟದವರಿಗೆ ಮಳೆ ಇವತ್ತಿಗೂ ಇಂಚು, ಸೆಂಟಿನ ಲೆಕ್ಕವೇ; ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟು. ‘ನಿನ್ನೆ ಒಂದು ಇಂಚು ಇಪ್ಪತ್ತು ಸೆಂಟು’ ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತೆ. ಕಾಫಿ ಹೂ ಅರಳಿಸುವ ಹೂ ಮಳೆ ಯಾವ ದಿನ ಬಂತು, ಎಷ್ಟು ಮೂಟೆ ಕಾಫಿ ಆಯಿತು, ಯಾವ ರೇಟಿಗೆ ಹೋಯಿತು, ಎಲ್ಲ ಅದರಲ್ಲಿದೆ.

ಅದೇ ಪುಸ್ತಕವನ್ನು ತಿರುಗಿಸಿ, ಹಿಂದಿನಿಂದ ನಾನು ಬರೆಯಲು ಶುರು ಮಾಡಿದ್ದು 2022ರ ಜುಲೈನಲ್ಲಿ. ಯೂಟ್ಯೂಬ್‌ನಿಂದ ಮೊದಲ ದುಡ್ಡು ಬಂದ ತಿಂಗಳು ಅದು. ನಾನು ಹೊಸ ಪುಸ್ತಕ ತರುತ್ತೇನೆ ಅಂದೆ. “ಅದಕ್ಕೆ ಬೇರೆ ಯಾಕೆ? ಇದರಲ್ಲೇ ಹಿಂದಿನಿಂದ ಬರಿ” ಅಂದರು ಅಪ್ಪ. ಅಂದಿನಿಂದ ತಿಂಗಳಿಗೊಂದು ಪುಟ.

ಕಳೆದ ತಿಂಗಳು ಪಕ್ಕದ ಮನೆಯ ಹುಡುಗ ಬಂದಿದ್ದ. ಕುಶಾಲನಗರದ ಕಾಲೇಜಿನಲ್ಲಿ ಬಿಕಾಂ ಸೇರಿ ಎರಡು ತಿಂಗಳಾಗಿದೆ. “ಅಕ್ಕ, ಕಾಲೇಜು ಬಿಟ್ಟು ಚಾನೆಲ್ ಮಾಡೋಣ ಅಂತಿದ್ದೀನಿ. ತಿಂಗಳಿಗೆ ಎಷ್ಟು ಬರುತ್ತೆ ಹೇಳಿ” ಅಂದ. ಈ ಪ್ರಶ್ನೆಯನ್ನು ನನಗೆ ಮದುವೆ ಮನೆಯಲ್ಲೂ ಕೇಳುತ್ತಾರೆ, ಬಸ್ಸಿನಲ್ಲೂ ಕೇಳುತ್ತಾರೆ. ಸುಮ್ನೆ ಒಂದು ಅಂಕಿ ಹೇಳಿ ಕಳಿಸಿಬಿಡಬಹುದು. ಆದರೆ ಇವನು ಕಾಲೇಜು ಬಿಡುವ ಮಾತಾಡುತ್ತಿದ್ದ. ಹಾಗಾಗಿ ಪುಸ್ತಕವನ್ನೇ ತಂದು ಅವನ ಮುಂದೆ ಇಟ್ಟೆ. ಅವನು ಪುಟ ತಿರುಗಿಸಿದ ಹಾಗೆ ನಾನು ಹೇಳುತ್ತಾ ಹೋದೆ. ಆವತ್ತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಸೋಮವಾರಪೇಟೆ ತಾಲ್ಲೂಕಿನಲ್ಲಿ, ಮಾದಾಪುರದ ಕಡೆ. ಮೂರು ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು. ನಾನು ಮೈಸೂರಿನಲ್ಲಿ ಒಂದು ಶೋರೂಮಿನ ಲೆಕ್ಕ ನೋಡುತ್ತಿದ್ದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು, ಊರಿಗೆ ಬಂದೆ. ಮತ್ತೆ ಅವರು ಕರೆಯಲಿಲ್ಲ.

ಆಗ ನಮ್ಮ ಮನೆಯಲ್ಲಿ ವಿಡಿಯೋ ಮಾಡುತ್ತಿದ್ದವನು ಚಿಕ್ಕಪ್ಪನ ಮಗ. ಟಿಕ್‌ಟಾಕ್‌ನಲ್ಲಿ ಅವನಿಗೆ ಅರವತ್ತು ಸಾವಿರ ಫಾಲೋವರ್ಸ್ ಇದ್ದರು. ತೋಟದ ನಡುವೆ ಕುಣಿಯುತ್ತಿದ್ದ, ಚೆನ್ನಾಗಿ ಕುಣಿಯುತ್ತಿದ್ದ. 2020ರ ಜೂನ್ 29ರಂದು ಸರ್ಕಾರ 59 ಆ್ಯಪ್‌ಗಳನ್ನು ನಿಷೇಧ ಮಾಡಿತು, ಅದರಲ್ಲಿ ಟಿಕ್‌ಟಾಕ್ ಕೂಡ ಇತ್ತು. ಮಾರನೇ ದಿನ ಅವನು ಫೋನ್ ಹಿಡಿದು ಜಗಲಿಯಲ್ಲಿ ಕೂತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೂರು ವರ್ಷ ಕಟ್ಟಿದ್ದು ಒಂದು ರಾತ್ರಿಯಲ್ಲಿ ಹೋಯಿತು. ಆ ಅರವತ್ತು ಸಾವಿರ ಜನರಲ್ಲಿ ಒಬ್ಬರ ಫೋನ್ ನಂಬರೂ ಅವನ ಹತ್ತಿರ ಇರಲಿಲ್ಲ. ಈಗ ಅವನು ಕುಶಾಲನಗರದಲ್ಲಿ ಪಿಕಪ್ ಓಡಿಸುತ್ತಾನೆ. ಅದನ್ನೆಲ್ಲ ಕಣ್ಣಾರೆ ನೋಡಿಯೂ ಆ ಅಕ್ಟೋಬರ್‌ನಲ್ಲಿ ನಾನು ಯೂಟ್ಯೂಬ್ ಚಾನೆಲ್ ಶುರು ಮಾಡಿದೆ. ಕೆಲಸ ಇರಲಿಲ್ಲ, ಅಮ್ಮನ ಕೈಯಡುಗೆ ಇತ್ತು, ಒಂದು ಫೋನ್ ಇತ್ತು.

ಮೊದಲ ವಿಡಿಯೋ ಅಕ್ಕಿ ರೊಟ್ಟಿ, ಕುಂಬಳಕಾಯಿ ಪಲ್ಯ. 83 ವ್ಯೂಸ್. ಅದರಲ್ಲಿ ಅರ್ಧ ನೆಂಟರದ್ದೇ.

ಹುಡುಗ ಮೊದಲು ಕೇಳಿದ್ದು, ದುಡ್ಡು ಬರಲು ಎಷ್ಟು ದಿನ ಬೇಕು ಅಂತ. ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್ ಆಗಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ನಮ್ಮ ವಿಡಿಯೋಗಳನ್ನು ಒಟ್ಟು 4,000 ಗಂಟೆ ನೋಡಿರಬೇಕು. 2018ರ ಫೆಬ್ರುವರಿಯಿಂದ ಈ ನಿಯಮ ಇದೆ. ಅದಕ್ಕಿಂತ ಮೊದಲು ಒಟ್ಟು 10,000 ವ್ಯೂಸ್ ಆದರೆ ಸಾಕಿತ್ತು. ನಾಲ್ಕು ಸಾವಿರ ಗಂಟೆ ಅಂದರೆ ಎರಡು ಲಕ್ಷದ ನಲವತ್ತು ಸಾವಿರ ನಿಮಿಷ. ಒಬ್ಬೊಬ್ಬರು ಮೂರು ನಿಮಿಷ ನೋಡಿದರೆ ಎಂಬತ್ತು ಸಾವಿರ ಸಲ ನೋಡಿರಬೇಕು. ವರ್ಷ ದಾಟಿದ ಗಂಟೆಗಳು ಲೆಕ್ಕದಿಂದ ಉದುರಿ ಹೋಗುತ್ತವೆ. ಹಾಗಾಗಿ ವಿಡಿಯೋ ಹಾಕದೆ ಕೂತರೆ ಅಂಕಿ ಇಳಿಯುತ್ತದೆ. ಶಾರ್ಟ್ಸ್ ಅನ್ನುವ ಪುಟ್ಟ ವಿಡಿಯೋಗಳ ಫೀಡಿನಲ್ಲಿ ನೋಡಿದ್ದು ಈ ಗಂಟೆಗಳಿಗೆ ಸೇರುವುದಿಲ್ಲ. ಅದಕ್ಕೆ ಬೇರೆ ಲೆಕ್ಕ: 90 ದಿನದಲ್ಲಿ ಒಂದು ಕೋಟಿ ವ್ಯೂಸ್.

ನನಗೆ ಹದಿಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಒಂದು ಪೂರ್ತಿ ಮಳೆಗಾಲ ಕಳೆಯಿತು. ನಮ್ಮ ಕಡೆ ಮಳೆಗಾಲದಲ್ಲಿ ವಿಡಿಯೋ ಮಾಡುವುದು ಅಂದರೆ ಏನು ಅಂತ ಹೊರಗಿನವರಿಗೆ ಹೇಳಿದರೆ ಗೊತ್ತಾಗುವುದಿಲ್ಲ. ಮರ ಬಿದ್ದು ಲೈನ್ ಹೋದರೆ ಮೂರು ದಿನ ಕರೆಂಟಿಲ್ಲ. ಕರೆಂಟಿಲ್ಲ ಅಂದರೆ ಸ್ವಲ್ಪ ಹೊತ್ತಿಗೆ ಟವರೂ ಇಲ್ಲ. ರಸ್ತೆಯ ಮೇಲಿನ ತಿರುವಿನಲ್ಲಿ ಒಂದು ಬಸ್ ತಂಗುದಾಣ ಇದೆ, ಅಲ್ಲಿ ಬೇರೆ ಟವರಿನ ಎರಡು ಕಡ್ಡಿ ಸಿಗುತ್ತೆ. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸ್ಕೂಟರಿನಲ್ಲಿ ಹೋಗಿ, ಅಲ್ಲಿನ ಕಲ್ಲು ಬೆಂಚಿನ ಮೂಲೆಯಲ್ಲಿ ಫೋನ್ ಇಟ್ಟು ಕಾಯುತ್ತಿದ್ದೆ. ಒಂದೂವರೆ ಜಿಬಿಯ ವಿಡಿಯೋ ಹೋಗಲು ಎರಡು ಗಂಟೆ. ಫೋನನ್ನು ಒಂದು ಗೇಣು ಆ ಕಡೆ ಸರಿಸಿದರೆ ಕಡ್ಡಿ ಹೋಗುತ್ತಿತ್ತು. ಶೇ 87ಕ್ಕೆ ಬಂದು ನಿಂತರೆ ಎದೆ ಧಸಕ್ ಅನ್ನುತ್ತಿತ್ತು. ಅಷ್ಟರಲ್ಲಿ ಕಾಲಿಗೆ ಹತ್ತಿದ ಜಿಗಣೆ ರಕ್ತ ಕುಡಿದು ದಪ್ಪಗಾಗಿ ತಾನೇ ಉದುರಿರುತ್ತಿತ್ತು.

ಚಾನೆಲ್‌ಗೆ ದಾರಿ ಕೊಟ್ಟಿದ್ದು ಮದ್ದು ಸೊಪ್ಪಿನ ಪಾಯಸ. ಕಕ್ಕಡ ಹದಿನೆಂಟು, ಅಂದರೆ ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ, ಸಾಮಾನ್ಯವಾಗಿ ಆಗಸ್ಟ್ 3. ಆಟಿ ಸೊಪ್ಪು ಅಂತಲೂ ಕರೆಯುವ ಆ ಗಿಡ ಆ ದಿನ ಹದಿನೆಂಟು ಬಗೆಯ ಔಷಧಿ ಗುಣ ತುಂಬಿಕೊಂಡಿರುತ್ತೆ ಅನ್ನುವುದು ಕೊಡಗಿನ ನಂಬಿಕೆ. 2021ರ ಆಗಸ್ಟ್‌ನಲ್ಲಿ ಅಮ್ಮ ತೋಟದ ಅಂಚಿನಿಂದ ಸೊಪ್ಪನ್ನು ಕಾಂಡದ ಸಮೇತ ತಂದರು. ತೊಳೆದು, ಹೆಚ್ಚಿ, ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಸೌದೆ ಒಲೆ ಮೇಲಿಟ್ಟರು. ನಾನು ಫೋನನ್ನು ಪಾತ್ರೆಯ ಮೇಲೆಯೇ ಹಿಡಿದಿದ್ದೆ. ಮೊದಲು ಹಸಿರು ನೀರು. ಕುದಿಯುತ್ತಾ ಕುದಿಯುತ್ತಾ ಅಂಚಿನಿಂದ ನೇರಳೆ ಬಣ್ಣ ಎಳೆ ಎಳೆಯಾಗಿ ಹರಡಿತು, ಆಮೇಲೆ ಇಡೀ ಪಾತ್ರೆ ಕಪ್ಪು ನೇರಳೆ. ಅಡುಗೆ ಮನೆ ತುಂಬಾ ಆ ವಾಸನೆ. ಕೊಡಗಿನಲ್ಲಿ ಹುಟ್ಟಿದವರಿಗೆ ಆ ವಾಸನೆ ಬಂದರೆ ಆಗಸ್ಟ್ ಬಂತು ಅಂತಲೇ ಅರ್ಥ. ಆ ನೀರನ್ನು ಸೋಸಿ, ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನ ಕಾಯಿ ಹಾಕಿದರು. ತಿನ್ನುವಾಗ ತುಪ್ಪ, ಜೇನು. ಅಮ್ಮನ ಬೆರಳ ತುದಿಗಳು ಸಂಜೆಯವರೆಗೂ ನೇರಳೆಯಾಗಿಯೇ ಇದ್ದವು.

ನಾನು ಕ್ಯಾಮೆರಾ ಮುಂದೆ “ಇದರಲ್ಲಿ ಹದಿನೆಂಟು ರೋಗ ವಾಸಿಯಾಗುತ್ತೆ” ಅಂತ ಶುರು ಮಾಡಿದೆ. ಅಮ್ಮ ಸೌಟು ನಿಲ್ಲಿಸಿದರು. “ಹಾಗೆಲ್ಲ ಹೇಳ್ಬೇಡ. ಹದಿನೆಂಟು ಔಷಧಿ ಇದೆ ಅಂತ ಹಿರಿಯರು ಹೇಳ್ತಿದ್ರು, ನಾವು ವರ್ಷಕ್ಕೊಂದು ಸಲ ತಿಂತೀವಿ, ಅಷ್ಟು ಹೇಳು ಸಾಕು” ಅಂದರು. ಆ ಮಾತನ್ನು ನಾನು ಕತ್ತರಿಸಲಿಲ್ಲ, ಹಾಗೇ ಬಿಟ್ಟೆ. ಕಾಮೆಂಟಿನಲ್ಲಿ ಜನ ಜಾಸ್ತಿ ಬರೆದಿದ್ದು ಆ ಮಾತಿನ ಬಗ್ಗೆಯೇ. ದುಬೈಯಿಂದ, ಬೆಂಗಳೂರಿನಿಂದ, ಊರು ಬಿಟ್ಟು ಇಪ್ಪತ್ತು ವರ್ಷ ಆದವರು ಬರೆದರು. ಅದೊಂದು ವಿಡಿಯೋ ಮೂರು ತಿಂಗಳಲ್ಲಿ ಒಂದು ಲಕ್ಷ ದಾಟಿತು. ನವೆಂಬರ್ ಹೊತ್ತಿಗೆ ಗಂಟೆಯೂ ಆಯಿತು, ಸಾವಿರ ಜನವೂ ಆದರು.

ಅರ್ಜಿ ಹಾಕಿದೆ. ತಿರಸ್ಕಾರ ಆಯಿತು. ತಪ್ಪು ನನ್ನದೇ. ಮಾಂದಲಪಟ್ಟಿಯ ಬಗ್ಗೆ, ಅಬ್ಬಿ ಜಲಪಾತದ ಬಗ್ಗೆ ಮಾಡಿದ ನಾಲ್ಕು ವಿಡಿಯೋಗಳಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬಂದ ಡ್ರೋನ್ ದೃಶ್ಯಗಳನ್ನು ಹಾಕಿಕೊಂಡಿದ್ದೆ. ಯಾರು ತೆಗೆದಿದ್ದು ಅಂತಲೂ ಗೊತ್ತಿರಲಿಲ್ಲ. ಬೇರೆಯವರದ್ದನ್ನು ಮತ್ತೆ ಬಳಸಿದ್ದೀರಿ ಅನ್ನುವುದು ಕಾರಣ. ಆ ನಾಲ್ಕನ್ನೂ ಅಳಿಸಿದೆ. ತಿಂಗಳು ಕಳೆದ ಮೇಲೆ ಮತ್ತೆ ಅರ್ಜಿ ಹಾಕಿದೆ. 2022ರ ಫೆಬ್ರುವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಹುಡುಗನಿಗೆ ಇದನ್ನು ಒತ್ತಿ ಹೇಳಿದೆ. ಚಂದ ಇದೆ ಅಂತ ಇನ್ನೊಬ್ಬರ ಐದು ಸೆಕೆಂಡನ್ನೂ ತೆಗೆದುಕೊಳ್ಳಬೇಡ. ನಿನ್ನ ಫೋನಿನಲ್ಲಿ ಮಂಜು ಮಸುಕಾಗಿ ಬಂದರೂ ಅದು ನಿನ್ನದು.

ಒಪ್ಪಿಗೆ ಸಿಕ್ಕಿದ ಕೂಡಲೇ ದುಡ್ಡು ಕೈಗೆ ಬರುವುದಿಲ್ಲ. ಗಳಿಕೆ 10 ಡಾಲರ್ ಆದಾಗ, ಜಾಹೀರಾತಿನ ಹಣ ಕಳಿಸುವ ಗೂಗಲ್ ಆ್ಯಡ್‌ಸೆನ್ಸ್‌ನಿಂದ ಅಂಚೆಯಲ್ಲಿ ಒಂದು ಪತ್ರ ಬರುತ್ತೆ, ಒಳಗೆ ಆರು ಅಂಕಿಯ ಪಿನ್ ಇರುತ್ತೆ. ಅದನ್ನು ಹಾಕಿದರೆ ವಿಳಾಸ ಖಾತ್ರಿ. ನಾಲ್ಕು ತಿಂಗಳೊಳಗೆ ಹಾಕಬೇಕು. ನಾನು ವಿಳಾಸದಲ್ಲಿ ಮನೆ ಹೆಸರು, ಊರು ಬರೆದು ಅಂಚೆ ಕಚೇರಿಯ ಹೆಸರು ಬಿಟ್ಟಿದ್ದೆ. ಮೊದಲ ಪತ್ರ ಬರಲೇ ಇಲ್ಲ. ವಿಳಾಸ ಸರಿ ಮಾಡಿ ಎರಡನೆಯದನ್ನು ತರಿಸಿದೆ. ಜೂನ್‌ನ ಒಂದು ಮಳೆ ದಿನ ಅಂಚೆಯಣ್ಣ ಶರ್ಟಿನ ಒಳಗಿಟ್ಟುಕೊಂಡು ತಂದುಕೊಟ್ಟರು. ಮೂರು ಕಡೆ ಹರಿದು ಬಿಡಿಸುವ ಚಿಕ್ಕ ಕಾಗದ. “ಎಂತ ಇದು, ಕೋರ್ಟಿಂದಾ?” ಅಂತ ಅಮ್ಮ ಹೆದರಿದ್ದರು.

ತೆರಿಗೆಯ ಫಾರಂ ಕೂಡ ತುಂಬಬೇಕು. ನಾವು ಅಮೆರಿಕ ನೋಡಿಲ್ಲ, ಆದರೂ ಅಮೆರಿಕದ ತೆರಿಗೆಯ ಡಬ್ಲ್ಯು-8ಬೆನ್ ಫಾರಂ ತುಂಬಬೇಕು. ಅದರಲ್ಲಿ ಭಾರತ ಮತ್ತು ಅಮೆರಿಕದ ನಡುವಿನ ಒಪ್ಪಂದವನ್ನು ಆಯ್ಕೆ ಮಾಡಿದರೆ, ಅಮೆರಿಕದಲ್ಲಿ ಕೂತು ನೋಡಿದವರಿಂದ ಬಂದ ಪಾಲಿನ ಮೇಲೆ ಮಾತ್ರ ಶೇ 15 ಹಿಡಿಯುತ್ತಾರೆ. ಫಾರಂ ಕೊಡದೇ ಬಿಟ್ಟರೆ ಎಲ್ಲ ದೇಶಗಳಿಂದ ಬಂದ ಗಳಿಕೆಯ ಮೇಲೂ ಶೇ 24ರವರೆಗೆ ಹಿಡಿಯಬಹುದು. ಇದನ್ನು ಎಷ್ಟೋ ಜನ ಓದದೇ ಮುಂದೆ ಒತ್ತಿಬಿಡುತ್ತಾರೆ. ಹೊರದೇಶದಿಂದ ಹಣ ಬರಲು ಬ್ಯಾಂಕಿನ ಸ್ವಿಫ್ಟ್ ಕೋಡ್ ಬೇಕು ಅಂತ ಕೇಳಿತು. ನಮ್ಮ ಹಳ್ಳಿಯ ಶಾಖೆಗೆ ಅದು ಇರಲಿಲ್ಲ. ಅಲ್ಲಿನ ಮೇಡಂ ಎರಡು ದಿನ ಫೋನ್ ಮಾಡಿ ಮೈಸೂರಿನ ಶಾಖೆಯ ಕೋಡ್ ತರಿಸಿಕೊಟ್ಟರು.

ಗಳಿಕೆ 100 ಡಾಲರ್ ದಾಟಿದ ಮೇಲೆ, ಮುಂದಿನ ತಿಂಗಳ 21ರಿಂದ 26ರ ಒಳಗೆ ಹಣ ಕಳಿಸುತ್ತಾರೆ. ನನಗೆ ಬಂದಿದ್ದು 2022ರ ಜುಲೈ 26ಕ್ಕೆ. ಬ್ಯಾಂಕಿನ ಖರ್ಚು ಕಳೆದು 8,040 ರೂಪಾಯಿ. ಐದು ತಿಂಗಳ ದುಡಿಮೆ. ಅರ್ಧ ಅಮ್ಮನ ಕೈಗೆ ಕೊಟ್ಟೆ. ಅಮ್ಮ ದೇವರ ಮುಂದೆ ಇಟ್ಟು, ಆಮೇಲೆ ಮಸಾಲೆ ಡಬ್ಬದ ಹಿಂದೆ ಇಟ್ಟರು. ಮದುವೆಯಾದ ಮೇಲೆ ಅವರ ಹೆಸರಿಗೆ ಅಂತ ಬಂದ ಮೊದಲ ಸಂಪಾದನೆ ಅದು.

ಹುಡುಗ ಇಲ್ಲಿಯವರೆಗಿನ ಪುಟಗಳನ್ನು ಬೇಗ ತಿರುಗಿಸಿದ. 2023ರ ಅಕ್ಟೋಬರ್ ಪುಟ ಬಂದಾಗ ನಿಂತ. 31,400 ರೂಪಾಯಿ. “ಅಕ್ಕ! ಇದು ಒಳ್ಳೆ ಸಂಬಳ ಅಲ್ವಾ?” ಅಂದ.

ಅವನ ಕೈಯಿಂದಲೇ ಮುಂದಿನ ಮೂರು ಪುಟ ತಿರುಗಿಸಿದೆ. ನವೆಂಬರ್ 27,000. ಡಿಸೆಂಬರ್ 19,500. 2024ರ ಜನವರಿ 8,900. ಜನವರಿಯಲ್ಲಿ ನಾನು ಅಕ್ಟೋಬರ್‌ಗಿಂತ ಎರಡು ವಿಡಿಯೋ ಜಾಸ್ತಿಯೇ ಹಾಕಿದ್ದೆ.

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು. ವಿಡಿಯೋದ ಜಾಹೀರಾತಿನ ಹಣದಲ್ಲಿ ಶೇ 55 ನಮಗೆ, ಉಳಿದದ್ದು ಯೂಟ್ಯೂಬ್‌ಗೆ. ಈ ಪಾಲು ಏನೂ ಬದಲಾಗಿರಲಿಲ್ಲ. ಬದಲಾಗುವುದು ಜಾಹೀರಾತಿನ ದರ. ದಸರಾ, ದೀಪಾವಳಿಗೆ ಬಟ್ಟೆ, ಫೋನ್, ಟಿವಿ ಮಾರುವವರು ಪೈಪೋಟಿಗೆ ಬಿದ್ದು ಜಾಹೀರಾತು ಕೊಡುತ್ತಾರೆ, ದರ ಏರುತ್ತೆ. ಹೊಸ ವರ್ಷ ಬಂದ ಕೂಡಲೇ ಅವರ ಕೈ ಬಿಗಿಯಾಗುತ್ತೆ. ನಮ್ಮ ಚಾನೆಲ್‌ನಲ್ಲಿ ಸಾವಿರ ವ್ಯೂಸ್‌ಗೆ ಅಕ್ಟೋಬರ್‌ನಲ್ಲಿ 29 ರೂಪಾಯಿ ಬಂದಿತ್ತು, ಜನವರಿಯಲ್ಲಿ 13. ನೋಡುವವರು ಎಲ್ಲಿದ್ದಾರೆ ಅನ್ನುವುದರ ಮೇಲೂ ದರ ನಿಂತಿದೆ. ದುಬೈಯಲ್ಲಿ ಕೂತು ನೋಡಿದ ಹತ್ತು ನಿಮಿಷ ಮತ್ತು ನಮ್ಮ ತಾಲ್ಲೂಕಿನ ಶನಿವಾರಸಂತೆಯಲ್ಲಿ ಕೂತು ನೋಡಿದ ಹತ್ತು ನಿಮಿಷ ಒಂದೇ ಬೆಲೆಯದ್ದಲ್ಲ. ನನಗೆ ಇದು ಈಗಲೂ ನೋವು ಕೊಡುವ ವಿಷಯ. ನಾನು ಮಾತಾಡುವುದು ಶನಿವಾರಸಂತೆಯವರ ಜೊತೆ.

ಆ ಅಕ್ಟೋಬರ್, ನವೆಂಬರ್ ನೋಡಿ ನಾನು ಒಂದು ತಪ್ಪು ಮಾಡಿದೆ. ಕಂತಿನ ಮೇಲೆ ಕ್ಯಾಮೆರಾ ತೆಗೆದುಕೊಂಡೆ. ತಿಂಗಳಿಗೆ 4,200 ರೂಪಾಯಿಯಂತೆ ಹದಿನೆಂಟು ತಿಂಗಳು. ಫೆಬ್ರುವರಿ, ಮಾರ್ಚ್‌ನ ಎರಡು ಕಂತು ಅಪ್ಪ ಮೆಣಸು ಮಾರಿದ ದುಡ್ಡಿನಲ್ಲಿ ಕಟ್ಟಿದರು. ಒಂದು ಮಾತೂ ಆಡಲಿಲ್ಲ. ಪುಸ್ತಕದ ಮುಂಭಾಗದಲ್ಲಿ, ಆ ವಾರದ ಮಳೆ ಸೊನ್ನೆ ಅಂತ ಬರೆದ ಸಾಲಿನ ಕೆಳಗೆ ‘ಮೆಣಸು 8,400, ಮಗಳ ಕ್ಯಾಮೆರಾ’ ಅಂತ ಬರೆದಿದ್ದಾರೆ. ಆ ಪುಟವನ್ನೂ ಹುಡುಗನಿಗೆ ತೋರಿಸಿದೆ.

ಅವನು ಶಾರ್ಟ್ಸ್ ಬಗ್ಗೆ ಕೇಳಿದ. ಅವನ ವಯಸ್ಸಿನವರೆಲ್ಲ ಶಾರ್ಟ್ಸ್ ಅಂತಲೇ ಶುರು ಮಾಡುತ್ತಾರೆ. ಟಿಕ್‌ಟಾಕ್ ಹೋದ ಮೂರೇ ತಿಂಗಳಿಗೆ, 2020ರ ಸೆಪ್ಟೆಂಬರ್‌ನಲ್ಲಿ, ಯೂಟ್ಯೂಬ್ ಇದನ್ನು ಮೊದಲು ತಂದಿದ್ದೇ ಭಾರತದಲ್ಲಿ. ಅದರಲ್ಲಿ ಜಾಹೀರಾತಿನ ಪಾಲು ಕೊಡಲು ಶುರು ಮಾಡಿದ್ದು 2023ರ ಫೆಬ್ರುವರಿ 1ರಿಂದ. ಆ ವರ್ಷದ ಮಾರ್ಚ್‌ನಲ್ಲಿ ನಮ್ಮ ತೋಟದ ಹೂವಿನ ಶಾರ್ಟ್ ಹಾಕಿದೆ. ಹೂ ಮಳೆ ಬಂದು ಒಂಬತ್ತನೇ ದಿನ, ಬೆಳಗಿನ ಏಳು ಗಂಟೆ. ಗಿಡಗಳ ಮೇಲೆ ಹಿಟ್ಟು ಸುರಿದ ಹಾಗೆ ಬಿಳಿ ಹೂ, ಜೇನು ನೊಣಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಲವತ್ತು ಸೆಕೆಂಡ್. ಹದಿನಾಲ್ಕು ಲಕ್ಷ ವ್ಯೂಸ್ ಆಯಿತು. ಬಂದಿದ್ದು 1,100 ರೂಪಾಯಿ. ಶಾರ್ಟ್ಸ್‌ಗಳ ನಡುವೆ ಬರುವ ಜಾಹೀರಾತಿನ ಹಣವನ್ನು ಒಟ್ಟು ಮಾಡಿ, ಹಾಡಿನ ಖರ್ಚು ತೆಗೆದು, ವ್ಯೂಸ್ ಲೆಕ್ಕದಲ್ಲಿ ಹಂಚುತ್ತಾರೆ. ನಮ್ಮ ಪಾಲಿಗೆ ಬಂದದ್ದರಲ್ಲಿ ಶೇ 45 ನಮಗೆ. ಆ ಹದಿನಾಲ್ಕು ಲಕ್ಷ ಜನರಲ್ಲಿ ಅಮ್ಮನ ಅಡುಗೆ ನೋಡಲು ಬಂದವರು ತೀರಾ ಕಡಿಮೆ. ಬೆರಳಿನಲ್ಲಿ ಒಂದು ಸಲ ತಳ್ಳಿ ಮುಂದೆ ಹೋದರು.

ಜಾಹೀರಾತಲ್ಲದೆ ಬೇರೆ ದಾರಿ ಇಲ್ವಾ ಅಂದ. ಇದೆ. ಒಂದು ಹೋಂಸ್ಟೇಯವರು ವಿಡಿಯೋ ಮಾಡಿಸಿಕೊಂಡು, ಹದಿನೈದು ಸಾವಿರ ಕೊಡುತ್ತೇವೆ ಅಂದವರು ಕೊನೆಗೆ ಫೋನ್ ಎತ್ತಲಿಲ್ಲ. ಅಂದಿನಿಂದ ಅರ್ಧ ಹಣ ಮುಂಗಡ ಬಾರದೆ ಕ್ಯಾಮೆರಾ ಹೊರಗೆ ತೆಗೆಯುವುದಿಲ್ಲ. ಇನ್ನೊಬ್ಬರು ಜೇನಿನ ಬಾಟಲಿ ಕಳಿಸಿದರು, ಕೊಡಗಿನ ಕಾಡು ಜೇನು ಅಂತ ಹೇಳಬೇಕು ಅಂದರು. ಅಮ್ಮ ಒಂದು ಚಮಚ ಬಾಯಿಗೆ ಹಾಕಿಕೊಂಡು ತಲೆ ಅಲ್ಲಾಡಿಸಿದರು. ವಾಪಸ್ ಕಳಿಸಿದೆ. ದುಡ್ಡು ತೆಗೆದುಕೊಂಡು ಹೇಳುವ ಮಾತಿಗೆ ಇದು ಜಾಹೀರಾತು ಅಂತ ಎದ್ದು ಕಾಣುವ ಹಾಗೆ ಹಾಕಬೇಕು. ಜಾಹೀರಾತು ಮಂಡಳಿ ಎಎಸ್‌ಸಿಐ 2021ರಲ್ಲೇ ಈ ನಿಯಮ ತಂದಿದೆ. ಎಷ್ಟೋ ಜನ ಹಾಕುವುದಿಲ್ಲ. ನಾನು ಹಾಕುತ್ತೇನೆ. ಹಾಗೆ ಹಾಕಿದರೆ ಬೇಡ ಅನ್ನುವವರ ಕೆಲಸ ನನಗೂ ಬೇಡ.

ಊರಿನ ದೇವಸ್ಥಾನದ ಜಾತ್ರೆಯ ವಿಡಿಯೋದ್ದು ಇನ್ನೊಂದು ಪಾಠ. ನಾನು ಅಜ್ಜಿಯೊಬ್ಬರ ಜೊತೆ ಮಾತಾಡುವಾಗ ಹಿಂದೆ ಮೈಕಿನಲ್ಲಿ ಸಿನಿಮಾ ಹಾಡು ಬರುತ್ತಿತ್ತು. ಹಾಡಿನ ಹಕ್ಕಿರುವವರು ಕ್ಲೇಮ್ ಹಾಕಿದರು. ಆ ವಿಡಿಯೋದ ಗಳಿಕೆ ಅವರಿಗೆ ಹೋಯಿತು. ಹಾಡು ಅವರದ್ದು, ಅವರು ಕೇಳಿದ್ದು ಸರಿ. ಈಗ ಜಾತ್ರೆಗೆ ಹೋದರೆ ಮೊದಲು ಮೈಕ್ ಯಾವ ಕಡೆ ಕಟ್ಟಿದ್ದಾರೆ ಅಂತ ನೋಡುತ್ತೇನೆ.

ಇಷ್ಟೆಲ್ಲ ಹೇಳುವಾಗ ನನ್ನ ಧ್ವನಿ ಗಟ್ಟಿಯಾಗಿಯೇ ಇತ್ತು. 2025ರ ಪುಟಗಳು ಬಂದಾಗ ಸ್ವಲ್ಪ ಇಳಿಯಿತು.

ಈ ಸಲ ಜುಲೈ ಕೊನೆಗೆ, ಕಕ್ಕಡ ಹದಿನೆಂಟಕ್ಕೆ ಒಂದು ವಾರ ಇರುವಾಗ, ಮದ್ದು ಸೊಪ್ಪು ಅಂತ ಹುಡುಕಿ ನೋಡಿದೆ. ಪ್ರತಿ ವರ್ಷ ಆ ವಾರ ನಮ್ಮ 2021ರ ವಿಡಿಯೋ ಮತ್ತೆ ಓಡುತ್ತೆ, ಹಳೇ ಗಿಡ ಮತ್ತೆ ಚಿಗುರಿದ ಹಾಗೆ. ಈ ಸಲ ಅದರ ಮೇಲೆ ಹೊಸದೊಂದು ವಿಡಿಯೋ ಇತ್ತು. ಎಐ ಮಾಡಿದ ಚಿತ್ರಗಳು, ಎಐ ಧ್ವನಿ. ಕನ್ನಡ ಅಕ್ಷರ ತಪ್ಪಿಲ್ಲದೆ ಓದುತ್ತೆ, ಆದರೆ ಎಲ್ಲಿ ಉಸಿರು ನಿಲ್ಲಿಸಬೇಕು ಅಂತ ಗೊತ್ತಿಲ್ಲ. ಅಮ್ಮ ಹೇಳಬೇಡ ಅಂದಿದ್ದ ಮಾತನ್ನೇ, ಹದಿನೆಂಟು ರೋಗ ವಾಸಿಯಾಗುತ್ತೆ ಅಂತ, ಅದು ಧೈರ್ಯವಾಗಿ ಹೇಳುತ್ತಿತ್ತು. ಅದು ಹೋಗಲಿ. ಚಿತ್ರದಲ್ಲಿದ್ದ ಎಲೆ ಮದ್ದು ಸೊಪ್ಪೇ ಅಲ್ಲ. ಅಗಲ ಎಲೆ, ಹೊಳಪು, ಯಾವುದೋ ಅಲಂಕಾರದ ಗಿಡ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, “ಯಾರಾದ್ರೂ ಇದನ್ನು ನೋಡಿ ಬೇರೆ ಸೊಪ್ಪು ಬೇಯಿಸಿ ಕುಡಿದ್ರೆ ಎಂತ ಗತಿ?” ಅಂದರು. ಅವರಿಗೆ ವ್ಯೂಸ್ ಚಿಂತೆಯೇ ಬರಲಿಲ್ಲ. ನಾನು ಆ ವಿಡಿಯೋದ ಬಗ್ಗೆ ದೂರು ಒತ್ತಿದೆ, ಕೆಳಗೆ ಕಾಮೆಂಟಿನಲ್ಲಿ ಸರಿಯಾದ ಎಲೆಯ ಗುರುತು ಬರೆದೆ.

ಅದಕ್ಕೆ ಸ್ವಲ್ಪ ಮೊದಲು, 2025ರ ಜುಲೈ 15ರಿಂದ, ಯೂಟ್ಯೂಬ್ ತನ್ನ ನಿಯಮದ ಮಾತನ್ನು ಬಿಗಿ ಮಾಡಿತು. ಒಂದೇ ಅಚ್ಚಿನಲ್ಲಿ ರಾಶಿ ರಾಶಿ ಮಾಡಿ ಹಾಕಿದ, ಸ್ವಂತದ್ದಲ್ಲದ ವಿಡಿಯೋಗಳಿಗೆ ಹಣ ಇಲ್ಲ ಅನ್ನುವುದು ಅದರ ಅರ್ಥ. ಒಳ್ಳೆಯದೇ. ಆದರೆ ಅದು ಹಣದ ಮಾತಾಯಿತು. ಎಐ ಬಳಸುವುದಕ್ಕೆ ಅಡ್ಡಿಯಿಲ್ಲ, ಅಂಥ ವಿಡಿಯೋಗಳು ಬರುತ್ತಲೇ ಇರುತ್ತವೆ. ಅಮ್ಮ ಒಂದು ಅಡುಗೆಗೆ ಅರ್ಧ ದಿನ ನಿಲ್ಲುತ್ತಾರೆ, ನಾನು ಎರಡು ದಿನ ಎಡಿಟ್ ಮಾಡುತ್ತೇನೆ. ಅದೇ ಹೊತ್ತಿನಲ್ಲಿ ಯಂತ್ರ ಐವತ್ತು ಮಾಡುತ್ತೆ. ನೋಡುವವರ ದಿನಕ್ಕೆ ಇಪ್ಪತ್ನಾಲ್ಕೇ ಗಂಟೆ. ಮುಂದಿನ ಐದು ವರ್ಷದಲ್ಲಿ ಇದರಿಂದ ಬರುವ ಹಣ ಏರುತ್ತಾ ಇಳಿಯುತ್ತಾ ಅಂತ ಹುಡುಗ ಕೇಳಿದ. ಇಳಿಯುತ್ತೆ ಅಂತ ನನ್ನ ಮನಸ್ಸು ಹೇಳುತ್ತೆ ಅಂದೆ. 2024ರಲ್ಲಿ ನನ್ನ ತಿಂಗಳ ಸರಾಸರಿ 14,000 ಇತ್ತು. ಈ ವರ್ಷ ಇಲ್ಲಿಯವರೆಗೆ 9,000.

ಅಪ್ಪ ಅಷ್ಟು ಹೊತ್ತು ಜಗಲಿಯಲ್ಲಿ ಮೆಣಸು ಆರಿಸುತ್ತಾ ಕೇಳಿಸಿಕೊಳ್ಳುತ್ತಿದ್ದರು. “ಕಾಫಿಯದ್ದೂ ಹಾಗೇ ಅಲ್ವಾ? ರೊಬಸ್ಟಾ ರೇಟು ಲಂಡನ್ನಿನಲ್ಲಿ, ಅರೇಬಿಕಾ ರೇಟು ನ್ಯೂಯಾರ್ಕಿನಲ್ಲಿ. ನಮ್ಮನ್ನು ಯಾರು ಕೇಳ್ತಾರೆ?” ಅಂದರು. ಆಮೇಲೆ ಅವರೇ ಸ್ವಲ್ಪ ಯೋಚಿಸಿ ಹೇಳಿದರು: “ಒಂದು ವ್ಯತ್ಯಾಸ ಇದೆ. ರೇಟು ಬಿದ್ದರೆ ನಾನು ಮೂಟೆ ಕಟ್ಟಿ ಇಟ್ಟುಕೊಳ್ತೀನಿ. ಎರಡು ವರ್ಷ ಕಾಯಬಹುದು. ನಿನ್ನ ಜನವರಿ ವ್ಯೂಸನ್ನು ನೀನು ಮೂಟೆ ಕಟ್ಟಿ ಅಕ್ಟೋಬರ್‌ಗೆ ಮಾರೋಕಾಗಲ್ಲ.” ಈ ಮಾತು ನನಗೆ ಹೊಳೆದಿರಲಿಲ್ಲ.

ನನಗೆ ಅನ್ನಿಸುವುದು ಬೇರೆ ಹೋಲಿಕೆ. ಕೊಡಗಿನಲ್ಲಿ ಅನ್‌ರಿಡೀಮ್ಡ್ ಜಾಗ ಅಂತ ಇದೆ. ತೋಟ ನಮ್ಮದು, ಕಾಫಿ ನಮ್ಮದು. ಆದರೆ ಮರದ ಬೆಲೆಯನ್ನು ಹಿಂದೆ ಸರ್ಕಾರಕ್ಕೆ ಕಟ್ಟಿಲ್ಲದಿದ್ದರೆ ಮರದ ಹಕ್ಕು ಸರ್ಕಾರದ್ದು. ಆ ಮರದ ನೆರಳಿನಲ್ಲೇ ಕಾಫಿ ಬೆಳೆಯಬೇಕು, ಅದಕ್ಕೇ ಮೆಣಸು ಹಬ್ಬಿಸಬೇಕು. ನಾಲ್ಕು ತಲೆಮಾರು ಹಾಗೇ ಬದುಕಿದ್ದೇವೆ. ಚಾನೆಲ್ ಕೂಡ ಹಾಗೇ. ವಿಡಿಯೋ ನನ್ನದು, ಅದು ಹಬ್ಬಿರುವ ಮರ ನನ್ನದಲ್ಲ. ಹಾಗಂತ ಬಳ್ಳಿ ಕಿತ್ತು ಹಾಕುವುದಿಲ್ಲ. ಮೆಣಸೊಂದನ್ನೇ ನಂಬಿ ಕೂರುವುದೂ ಇಲ್ಲ.

ಹಾಗಾಗಿ ಈಗ ನಾನು ವಾರಕ್ಕೆ ಮೂರು ದಿನ ಸೋಮವಾರಪೇಟೆಯ ಒಂದು ಅಂಗಡಿಯ ಲೆಕ್ಕ ಬರೆಯುತ್ತೇನೆ. ಅದು ಗ್ಯಾರಂಟಿ ದುಡ್ಡು. ನಮ್ಮ ತೋಟದ ಕಾಫಿಯನ್ನು ಹುರಿಸಿ, ಪುಡಿ ಮಾಡಿಸಿ, ವಿಡಿಯೋ ನೋಡುವವರಿಗೆ ಅಂಚೆಯಲ್ಲಿ ಕಳಿಸುತ್ತೇನೆ. ಎಫ್‌ಎಸ್‌ಎಸ್‌ಎಐ ಅನ್ನುವ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿದ್ದೇನೆ, ವಹಿವಾಟು ಚಿಕ್ಕದಿದ್ದರೆ 2025ರಲ್ಲಿ ಅದಕ್ಕೆ ವರ್ಷಕ್ಕೆ 100 ರೂಪಾಯಿ ಅಷ್ಟೇ ಇತ್ತು. ತಿಂಗಳಿಗೆ ನಲವತ್ತು, ಐವತ್ತು ಪ್ಯಾಕೆಟ್ ಹೋಗುತ್ತೆ. ಹಾಗೆ ತರಿಸಿಕೊಂಡವರ ಹೆಸರು, ನಂಬರು ಬೇರೆ ಡೈರಿಯಲ್ಲಿ ಬರೆದಿದ್ದೇನೆ, 612 ಜನ. ನಾಳೆ ಚಾನೆಲ್ ಇಲ್ಲದೇ ಹೋದರೂ ಅವರಿಗೆ ಒಂದು ಮೆಸೇಜ್ ಕಳಿಸಬಹುದು. ಚಿಕ್ಕಪ್ಪನ ಮಗನ ಹತ್ತಿರ ಆವತ್ತು ಇಲ್ಲದೇ ಹೋದದ್ದು ಅದೇ. ತೆಗೆದ ಎಲ್ಲ ವಿಡಿಯೋಗಳ ಮೂಲ ಎರಡು ಹಾರ್ಡ್ ಡಿಸ್ಕಿನಲ್ಲಿದೆ. ಒಂದು ಮನೆಯಲ್ಲಿ, ಇನ್ನೊಂದು ಮೈಸೂರಿನಲ್ಲಿ ಅತ್ತೆ ಮನೆಯಲ್ಲಿ. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡ ಜಾರಿದ್ದನ್ನು ನೋಡಿದವಳು ನಾನು. ಎಲ್ಲವನ್ನೂ ಒಂದೇ ಮನೆಯಲ್ಲಿ ಇಡುವ ಧೈರ್ಯ ನನಗಿಲ್ಲ.

ಹುಡುಗ ತುಂಬಾ ಹೊತ್ತು ಸುಮ್ಮನಿದ್ದ. “ಹಾಗಾದ್ರೆ ನೀವ್ಯಾಕೆ ಇನ್ನೂ ಮಾಡ್ತಿದ್ದೀರಿ?” ಅಂದ.

ಅಮ್ಮ ಮಾಡುವ ಎಷ್ಟೋ ಅಡುಗೆ ನನಗೆ ಬರುವುದಿಲ್ಲ. ಅವರ ತಾಯಿ ಮಾಡುತ್ತಿದ್ದದ್ದು ಅವರಿಗೆ ಎಲ್ಲ ಬರುವುದಿಲ್ಲ. ಕಣಿಲೆಯನ್ನು, ಅಂದರೆ ಎಳೆ ಬಿದಿರನ್ನು, ಎಷ್ಟು ದಿನ ನೀರಿನಲ್ಲಿ ಇಡಬೇಕು, ಯಾವ ಕಾಡು ಅಣಬೆಯನ್ನು ಮುಟ್ಟಬಾರದು ಅಂತ ಅವರ ಬಾಯಲ್ಲಿ ಕೇಳಿ, ಅವರ ಕೈಯನ್ನು ತೋರಿಸಿ ಇಟ್ಟಿದ್ದೇನೆ. 340 ವಿಡಿಯೋ ಆಗಿದೆ. ಒಂದು ಪೈಸೆ ಬಾರದಿದ್ದರೂ ಅದರಲ್ಲಿ ಅರ್ಧದಷ್ಟನ್ನಾದರೂ ಮಾಡಿರುತ್ತಿದ್ದೆ. ಹುಡುಗನಿಗೆ ಇಷ್ಟನ್ನೇ ಹೇಳಿದೆ. ನೀನೂ ಹಾಗೇ ಮಾಡು ಅಂತ ಹೇಳಲಿಲ್ಲ. ಅವನು ಏನು ತೆಗೆಯಬೇಕು ಅಂತಿದ್ದಾನೋ ಅದು ನನಗೆ ಗೊತ್ತಿಲ್ಲ.

ಅವನು ಕಾಲೇಜು ಬಿಟ್ಟಿಲ್ಲ. ಭಾನುವಾರ ಬಂದು ನನ್ನ ಹತ್ತಿರ ಎಡಿಟಿಂಗ್ ಕಲಿಯುತ್ತಿದ್ದಾನೆ. ಹಾರಂಗಿ ಹಿನ್ನೀರಿನಲ್ಲಿ ಮೀನು ಹಿಡಿಯುವ ಅವನ ಅಜ್ಜನ ಬಗ್ಗೆ ಎಂಟು ನಿಮಿಷದ ಒಂದು ವಿಡಿಯೋ ಮಾಡಿದ್ದಾನೆ. ಅಜ್ಜ ಬಲೆ ಬಿಡಿಸುವಾಗ ಗೊಣಗುವುದು ಚೆನ್ನಾಗಿ ಬಂದಿದೆ. ಇನ್ನೂ ಎಲ್ಲೂ ಹಾಕಿಲ್ಲ.

ಮೊನ್ನೆ ಸೆಪ್ಟೆಂಬರ್ 22ಕ್ಕೆ ಆಗಸ್ಟ್ ತಿಂಗಳ ಹಣ ಬಂತು. 7,350 ರೂಪಾಯಿ. ಊಟ ಆದ ಮೇಲೆ ಪುಸ್ತಕ ತಿರುಗಿಸಿ ಬರೆದೆ. ಅಪ್ಪ ಅದನ್ನು ತೆಗೆದುಕೊಂಡು, ಮುಂದಿನ ಕಡೆಗೆ ತಿರುಗಿಸಿ, ಅವತ್ತಿನ ಮಳೆ ಬರೆದರು. ನಲವತ್ತು ಸೆಂಟು. ಆಮೇಲೆ ನಡುವೆ ಉಳಿದ ಖಾಲಿ ಹಾಳೆಗಳನ್ನು ಬೆರಳಿಗೆ ಉಗುಳು ಹಚ್ಚಿ ಎಣಿಸಿದರು. ಹನ್ನೊಂದು.

“ಸೋಮವಾರಪೇಟೆಗೆ ಹೋದಾಗ ಇಂಥದ್ದೇ ಇನ್ನೊಂದು ತಾ. ಸ್ವಲ್ಪ ದಪ್ಪದ್ದು” ಅಂದರು.